ಸೈಕಲ್ ತರಗತಿಗೆ ನಾವಿಡುವ ಹೆಸರು: ಕರ್ನಾಟಕದ ಜಿಮ್ ಮಾಲೀಕರಿಗೂ ತರಬೇತುದಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಕೋಣೆಯಲ್ಲಿ ಹತ್ತಿಪ್ಪತ್ತು ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿ, ಹಾಡಿನ ಲಯಕ್ಕೆ ಹೊಂದಿಕೊಂಡು, ತರಬೇತುದಾರರೊಬ್ಬರ ಮಾತಿನಂತೆ ಎಲ್ಲರೂ ಒಟ್ಟಾಗಿ ಪೆಡಲ್ ತುಳಿಯುವ ವ್ಯಾಯಾಮವನ್ನು ‘ಸ್ಪಿನ್ನಿಂಗ್’ ಎಂದೋ ‘ಸ್ಪಿನ್ ಕ್ಲಾಸ್’ ಎಂದೋ ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಹೀಗೆ ಕರೆಯುವ ಅನೇಕರಿಗೆ ಇದೊಂದು ಕಂಪನಿಯ ಟ್ರೇಡ್‌ಮಾರ್ಕ್ ಎಂಬುದು ತಿಳಿದಿಲ್ಲ. ತಿಳಿದಿರುವವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಈ ತರಗತಿಗಳನ್ನು ನಡೆಸುವ ತರಬೇತುದಾರನಾಗಿ ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಎಲ್ಲರಿಗೂ ಸೇರಿದ ಈ ವ್ಯಾಯಾಮವನ್ನು ‘ಇಂಡೋರ್ ಸೈಕ್ಲಿಂಗ್’ ಎಂಬ ಸಾಮಾನ್ಯ ಹೆಸರಿನಿಂದಲೇ ಕರೆಯಿರಿ. ‘ಸ್ಪಿನ್ನಿಂಗ್’ ಎಂಬುದನ್ನು ಆ ಕಾರ್ಯಕ್ರಮವನ್ನು ಕಲಿತು ಅದರಂತೆಯೇ ನಡೆಸುವವರಿಗೆ ಬಿಟ್ಟುಕೊಡಿ. ತರಗತಿಗೆ ಯಾವ ಹೆಸರನ್ನಿಟ್ಟರೂ ಒಳಗೆ ಏನು ನಡೆಯುತ್ತದೆಂಬುದನ್ನು ಆ ಹೆಸರಿನ ಕೆಳಗೆ ಸ್ಪಷ್ಟವಾಗಿ ಬರೆಯಿರಿ.

ಹೆಸರಿನ ಹಿಂದಿನ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದು ತಿಳಿಯದೆ ನ್ಯಾಯ ಯಾರ ಕಡೆಗಿದೆ ಎಂದು ತೂಗಲಾಗದು. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದು ನೆಲೆಸಿದ ಜಾನಿ ಗೋಲ್ಡ್‌ಬರ್ಗ್, ‘ಜಾನಿ ಜಿ’ ಎಂದೇ ಹೆಸರಾದವರು, ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ದಾಟುವ ‘ರೇಸ್ ಅಕ್ರಾಸ್ ಅಮೆರಿಕ’ದಂಥ ಸ್ಪರ್ಧೆಗಳಲ್ಲಿ ಸೈಕಲ್ ತುಳಿದವರು. ರಸ್ತೆಯ ಮೇಲಿನ ಆ ಶ್ರಮವನ್ನು ಕೋಣೆಯೊಳಗೆ ತರಲು ಅವರು 1980ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ತಮ್ಮದೇ ಆದ ಒಂದು ಸ್ಥಿರ ಸೈಕಲ್ಲನ್ನು ರೂಪಿಸಿದರು. ಜಾನ್ ಬಾಡ್ವಿನ್ ಅವರೊಡನೆ ಸೇರಿ ಮ್ಯಾಡ್ ಡಾಗ್ ಅಥ್ಲೆಟಿಕ್ಸ್ ಎಂಬ ಕಂಪನಿಯನ್ನು 1994ರಲ್ಲಿ ಕಟ್ಟಿದರು. ‘ಸ್ಪಿನ್’, ‘ಸ್ಪಿನ್ನಿಂಗ್’, ‘ಸ್ಪಿನ್ನರ್’ ಎಂಬ ಮೂರು ಪದಗಳು ಆ ಕಂಪನಿಯ ಮುದ್ರೆಗಳು, ಅಂದರೆ ಟ್ರೇಡ್‌ಮಾರ್ಕ್‌ಗಳು, ಆದವು. ಸೈಕಲ್ಲನ್ನು ಮೊದಲು ಶ್ವಿನ್ ಕಂಪನಿ ತಯಾರಿಸಿತು, ಮುಂದೆ ಸ್ಟಾರ್ ಟ್ರ್ಯಾಕ್, ಆ ಬಳಿಕ ಪ್ರಿಕಾರ್. ಯಂತ್ರ ತಯಾರಿಸುವವರು ಬದಲಾದರೂ ಹೆಸರು ಮಾತ್ರ ಮ್ಯಾಡ್ ಡಾಗ್‌ನ ಕೈಯಲ್ಲೇ ಉಳಿಯಿತು.

ಆ ಹೆಸರು ಬರೀ ಮೆರುಗಿಗಾಗಿ ಅಂಟಿಸಿದ್ದಾಗಿರಲಿಲ್ಲ ಎಂಬುದನ್ನು ನಾವು ಒಪ್ಪಬೇಕು. ಅದರ ಹಿಂದೆ ಒಂದು ಪಠ್ಯವಿತ್ತು, ಈಗಲೂ ಇದೆ. ಸಪಾಟು ರಸ್ತೆಯನ್ನು ಅನುಕರಿಸುವಾಗ ಪೆಡಲ್ ನಿಮಿಷಕ್ಕೆ 80ರಿಂದ 110 ಸುತ್ತು, ಏರುದಾರಿಯನ್ನು ಅನುಕರಿಸುವಾಗ 60ರಿಂದ 80 ಸುತ್ತು ಎಂಬ ಮಿತಿಯನ್ನು ಆ ಕಾರ್ಯಕ್ರಮ ಹಾಕಿಕೊಡುತ್ತದೆ. ಕೈಗಳನ್ನು ಹ್ಯಾಂಡಲ್ ಮೇಲೆ ಇಡುವ ಬಗೆಗಳು ಮೂರು. ಹೃದಯ ಬಡಿತವನ್ನು ಆಧರಿಸಿ ಚೇತರಿಕೆ, ತಾಳಿಕೆ, ಬಲ, ಏರಿಳಿತ, ಸ್ಪರ್ಧೆ ಎಂದು ಐದು ಬಗೆಯ ಸವಾರಿಗಳಿವೆ. ರಸ್ತೆಯ ಸೈಕಲ್ ಮೇಲೆ ಮಾಡಲಾಗದ್ದನ್ನು ಇಲ್ಲಿಯೂ ಮಾಡಬಾರದೆಂಬುದು ಅದರ ನಿಲುವು. ಹೀಗಾಗಿ ಪೆಡಲ್ ತುಳಿಯುತ್ತಲೇ ಹ್ಯಾಂಡಲ್ ಹಿಡಿದು ಪುಶ್‌ಅಪ್ ಮಾಡುವುದನ್ನೂ ಡಂಬೆಲ್ ಎತ್ತುವುದನ್ನೂ ಅದು ಒಪ್ಪುವುದಿಲ್ಲ. ಈ ನಿಯಮಗಳಲ್ಲಿ ಕೆಲವನ್ನು ಅತಿಯೆನ್ನುವ ತರಬೇತುದಾರರೂ ಇದ್ದಾರೆ. ಅವರ ಮಾತನ್ನು ಒಪ್ಪಿದರೂ ಒಂದು ಸಂಗತಿ ಉಳಿಯುತ್ತದೆ: ‘ಸ್ಪಿನ್ನಿಂಗ್’ ಎಂದು ಬೋರ್ಡು ಹಾಕಿ, ಅದೇ ಕಾರ್ಯಕ್ರಮ ಬೇಡವೆಂದದ್ದನ್ನೇ ಒಳಗೆ ಮಾಡಿಸಿದರೆ, ಆ ಹೆಸರನ್ನು ನಂಬಿ ಹಣ ಕಟ್ಟಿದವರಿಗೆ ನಾವು ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು.

ಹೆಸರು ಕಂಪನಿಯ ಕೈತಪ್ಪಲು ಆರಂಭಿಸಿದ್ದು ಅದರ ಯಶಸ್ಸಿನಿಂದಲೇ. 2006ರಲ್ಲಿ ನ್ಯೂಯಾರ್ಕಿನಲ್ಲಿ ಸೋಲ್‌ಸೈಕಲ್, 2010ರಲ್ಲಿ ಫ್ಲೈವೀಲ್, 2012ರಲ್ಲಿ ಪೆಲೊಟಾನ್ ಹೀಗೆ ಒಂದರ ಹಿಂದೊಂದು ಸಂಸ್ಥೆಗಳು ಹುಟ್ಟಿ, ತಮ್ಮ ತಮ್ಮ ಹೆಸರಿನಲ್ಲೇ ವ್ಯಾಪಾರ ಮಾಡಿದವು. ಆದರೆ ಅಲ್ಲಿಗೆ ಹೋಗುವ ಜನ ‘ಸ್ಪಿನ್ ಕ್ಲಾಸಿಗೆ ಹೋಗುತ್ತೇನೆ’ ಎಂದೇ ಹೇಳಿದರು. ಪತ್ರಿಕೆಗಳು ಹಾಗೆಯೇ ಬರೆದವು. ಮನೆಗೆ ಕೊಳ್ಳುವ ಭಾರವಾದ ಗಾಲಿಯ ಸೈಕಲ್ ಯಾವ ಕಂಪನಿಯದಾದರೂ ‘ಸ್ಪಿನ್ ಬೈಕ್’ ಆಯಿತು. ಮ್ಯಾಡ್ ಡಾಗ್ ಮಾತ್ರ ವ್ಯಾಯಾಮದ ಸಾಮಾನ್ಯ ಹೆಸರು ‘ಇಂಡೋರ್ ಸೈಕ್ಲಿಂಗ್’, ‘ಸ್ಪಿನ್ನಿಂಗ್’ ಎಂಬುದು ತನ್ನ ಕಾರ್ಯಕ್ರಮದ ಹೆಸರು ಎಂದು ಹೇಳುತ್ತಲೇ ಬಂದಿದೆ.

ಈ ಜಗಳ ಅತ್ಯಂತ ಸ್ಪಷ್ಟವಾಗಿ ತೆರೆದುಕೊಂಡದ್ದು ಯುರೋಪಿನಲ್ಲಿ. ಅಲ್ಲಿ ‘ಸ್ಪಿನ್ನಿಂಗ್’ 2000ದಲ್ಲಿ ಯುರೋಪ್ ಒಕ್ಕೂಟದ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಗಿತ್ತು. 2012ರಲ್ಲಿ ಪ್ರಾಗ್ ನಗರದ ಏರೋಸ್ಪಿನ್ನಿಂಗ್ ಮಾಸ್ಟರ್ ಫ್ರಾಂಚೈಸಿಂಗ್ ಎಂಬ ಸಂಸ್ಥೆ, ಈ ಪದ ವ್ಯಾಪಾರದಲ್ಲಿ ವಸ್ತುವಿನ ಸಾಮಾನ್ಯ ಹೆಸರೇ ಆಗಿಬಿಟ್ಟಿರುವುದರಿಂದ ನೋಂದಣಿಯನ್ನು ರದ್ದುಗೊಳಿಸಬೇಕೆಂದು ಅರ್ಜಿ ಹಾಕಿತು. 2014ರಲ್ಲಿ ಒಕ್ಕೂಟದ ಟ್ರೇಡ್‌ಮಾರ್ಕ್ ಕಚೇರಿಯ ರದ್ದತಿ ವಿಭಾಗ ವ್ಯಾಯಾಮದ ಉಪಕರಣಗಳಿಗೂ ವ್ಯಾಯಾಮ ತರಬೇತಿಗೂ ಸಂಬಂಧಿಸಿದಂತೆ ಆ ವಾದವನ್ನು ಒಪ್ಪಿತು. 2016ರಲ್ಲಿ ಮೇಲ್ಮನವಿ ಮಂಡಳಿಯೂ ಒಪ್ಪಿತು. ಜೆಕ್ ಗಣರಾಜ್ಯದ ಜನ ಆ ಪದವನ್ನು ಒಂದು ಬಗೆಯ ವ್ಯಾಯಾಮದ ಹೆಸರೆಂದೇ ತಿಳಿದಿದ್ದಾರೆ ಎಂಬುದು ಅವರ ತೀರ್ಮಾನದ ಆಧಾರವಾಗಿತ್ತು.

ಮ್ಯಾಡ್ ಡಾಗ್ ಲಕ್ಸೆಂಬರ್ಗಿನಲ್ಲಿರುವ ಯುರೋಪ್ ಒಕ್ಕೂಟದ ಜನರಲ್ ಕೋರ್ಟಿಗೆ ಹೋಯಿತು. 2018ರ ನವೆಂಬರ್ 8ರಂದು ಬಂದ ತೀರ್ಪಿನಲ್ಲಿ ಎರಡು ಅಂಶಗಳಿವೆ. ಒಂದೇ ಸದಸ್ಯ ರಾಷ್ಟ್ರದಲ್ಲಿ ಪದ ಸಾಮಾನ್ಯ ಹೆಸರಾದರೂ ಇಡೀ ಒಕ್ಕೂಟದ ನೋಂದಣಿ ಬೀಳಬಹುದು ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಸೈಕಲ್ ತುಳಿಯಲು ಬರುವ ಗ್ರಾಹಕರು ಏನೆಂದುಕೊಂಡಿದ್ದಾರೆ ಎಂಬುದನ್ನಷ್ಟೇ ನೋಡಿ ತೀರ್ಮಾನಿಸಿದ್ದು ತಪ್ಪು ಎಂದಿತು. ಈ ಸೈಕಲ್‌ಗಳನ್ನು ಕೊಳ್ಳುವವರು ಬಹುಮಟ್ಟಿಗೆ ಜಿಮ್ ಮತ್ತು ಕ್ರೀಡಾಕೇಂದ್ರಗಳನ್ನು ನಡೆಸುವವರು. ಯಾವುದನ್ನು ತರಿಸಬೇಕು, ಏನನ್ನು ಕಲಿಸಬೇಕು ಎಂದು ನಿರ್ಧರಿಸುವವರು ಅವರೇ. ತುಳಿಯುವವರ ಆಯ್ಕೆಯೂ ಅವರ ನಿರ್ಧಾರದ ಮೇಲೆಯೇ ನಿಂತಿದೆ. ಹೀಗಿರುವಾಗ ಅವರ ತಿಳಿವಳಿಕೆಯನ್ನು ಪರಿಶೀಲಿಸದೆ ಪದ ಸತ್ತಿದೆ ಎನ್ನಲಾಗದು ಎಂಬ ಕಾರಣಕ್ಕೆ ಮಂಡಳಿಯ ಆದೇಶವನ್ನು ನ್ಯಾಯಾಲಯ ರದ್ದುಪಡಿಸಿತು.

ನಾನು ಈ ಪತ್ರವನ್ನು ತರಗತಿಗೆ ಬರುವ ಸಾರ್ವಜನಿಕರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದಕ್ಕೆ ಈ ತೀರ್ಪೇ ಕಾರಣ. ಬೋರ್ಡು ಬರೆಸುವವರು ನೀವು. ವೇಳಾಪಟ್ಟಿಯಲ್ಲಿ ತರಗತಿಯ ಹೆಸರನ್ನು ಅಚ್ಚು ಹಾಕಿಸುವವರು, ಹೊಸ ಸದಸ್ಯರಿಗೆ ಫೋನಿನಲ್ಲಿ ‘ಬೆಳಿಗ್ಗೆ ಆರಕ್ಕೆ ಸ್ಪಿನ್ನಿಂಗ್ ಬ್ಯಾಚ್ ಇದೆ’ ಎಂದು ಹೇಳುವವರು ನೀವು. ನೀವು ಹೇಳಿದ್ದನ್ನೇ ಜನ ಕಲಿಯುತ್ತಾರೆ.

ನಮ್ಮ ದೇಶದ ಕಾನೂನೂ ಇದೇ ದಿಕ್ಕಿನಲ್ಲಿ ನೋಡುತ್ತದೆ ಎಂಬುದನ್ನು ಗಮನಿಸಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ನೋಂದಣಿಯಾದ ಪದವನ್ನು ಜನ ವಸ್ತುವಿನ ಹೆಸರಾಗಿ ಬಳಸತೊಡಗಿದರು ಎಂಬ ಒಂದೇ ಕಾರಣಕ್ಕೆ ಆ ನೋಂದಣಿ ಅಸಿಂಧುವಾಗುವುದಿಲ್ಲ. ಅದು ಅಲುಗಾಡಬೇಕಾದರೆ ಆ ವ್ಯಾಪಾರದಲ್ಲಿ ತೊಡಗಿರುವವರೇ ಅದನ್ನು ವಸ್ತುವಿನ ಅಥವಾ ಸೇವೆಯ ಹೆಸರಾಗಿ ಬಳಸುವುದು ಎಲ್ಲರಿಗೂ ಗೊತ್ತಿರುವ, ನೆಲೆಗೊಂಡ ರೂಢಿಯಾಗಿರಬೇಕು. ನಮ್ಮ ಪ್ರತಿ ಬೀದಿಯಲ್ಲಿಯೂ ‘ಜೆರಾಕ್ಸ್’ ಎಂಬ ಬೋರ್ಡಿರುವುದನ್ನು ನೋಡಿದವರಿಗೆ ಆ ಪದ ಎಂದೋ ಸಾರ್ವಜನಿಕ ಸ್ವತ್ತಾಗಿರಬೇಕು ಎನ್ನಿಸುವುದು ಸಹಜ. ಆದರೂ 2012ರಲ್ಲಿ ಅದರ ನೋಂದಣಿಯನ್ನು ತೆಗೆದುಹಾಕಬೇಕೆಂಬ ಕೋರಿಕೆ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯ ಮುಂದೆ ಬಂದಾಗ ಮಂಡಳಿ ಅದನ್ನು ಒಪ್ಪಲಿಲ್ಲ. ‘ಎಲ್ಲರೂ ಹಾಗೆಯೇ ಅನ್ನುತ್ತಾರೆ’ ಎಂಬ ಸಮಾಧಾನವನ್ನು ನಂಬಿಕೊಂಡು ಬೋರ್ಡು ಬರೆಸುವವರು ಇದನ್ನು ನೆನಪಿಡಬೇಕು. ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಆಯಿತೆಂದುಕೊಳ್ಳುವುದೂ ಸರಿಯಲ್ಲ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ನಮ್ಮ ರಾಜ್ಯದ ನಿಯಮವನ್ನು ಪಾಲಿಸಲು ಅನೇಕ ಜಿಮ್‌ಗಳು ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಬರೆಸಿಕೊಂಡಿವೆ. ಆದರೆ ಟ್ರೇಡ್‌ಮಾರ್ಕ್ ವಿಚಾರದಲ್ಲಿ ಕಿವಿಗೆ ಕೇಳುವ ಸಾಮ್ಯಕ್ಕೂ ಕಣ್ಣಿಗೆ ಕಾಣುವ ಸಾಮ್ಯದಷ್ಟೇ ತೂಕವಿದೆ.

ಇನ್ನೊಂದು ಕಡೆಯ ವಾದವೂ ಗಟ್ಟಿಯಾದುದೇ. 2021ರ ಫೆಬ್ರುವರಿಯಲ್ಲಿ ಪೆಲೊಟಾನ್ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಮುಂದೆ, ‘ಸ್ಪಿನ್’ ಮತ್ತು ‘ಸ್ಪಿನ್ನಿಂಗ್’ ಎರಡೂ ಸಾಮಾನ್ಯ ಪದಗಳಾಗಿಬಿಟ್ಟಿರುವುದರಿಂದ ಅವುಗಳ ನೋಂದಣಿಯನ್ನು ರದ್ದುಮಾಡಬೇಕೆಂದು ಅರ್ಜಿ ಸಲ್ಲಿಸಿತು. ಅದಕ್ಕೆ ಕೆಲವೇ ವಾರಗಳ ಹಿಂದೆ, 2020ರ ಡಿಸೆಂಬರಿನಲ್ಲಿ, ಪೇಟೆಂಟ್ ಉಲ್ಲಂಘನೆಯಾಗಿದೆಯೆಂದು ಮ್ಯಾಡ್ ಡಾಗ್ ಪೆಲೊಟಾನ್ ಮೇಲೆ ದಾವೆ ಹೂಡಿತ್ತು. ಅದೇ ಡಿಸೆಂಬರಿನಲ್ಲಿ ಪೆಲೊಟಾನ್ 42 ಕೋಟಿ ಡಾಲರಿಗೆ ಪ್ರಿಕಾರ್ ಕಂಪನಿಯನ್ನು, ಅಂದರೆ ಮ್ಯಾಡ್ ಡಾಗ್‌ನ ಮುದ್ರೆಯಿರುವ ಸೈಕಲ್‌ಗಳನ್ನು ತಯಾರಿಸುತ್ತಿದ್ದ ಕಂಪನಿಯನ್ನೇ, ಕೊಳ್ಳುವುದಾಗಿ ಪ್ರಕಟಿಸಿತ್ತು. ಪದ ಯಾರದೆಂಬ ಪ್ರಶ್ನೆ ಹಣದ ಲೆಕ್ಕದೊಡನೆ ಎಷ್ಟು ಹೆಣೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೂ ಆ ಅರ್ಜಿ ಎತ್ತಿದ ಪ್ರಶ್ನೆ ಸಣ್ಣ ಸ್ಟುಡಿಯೋಗಳ ಪ್ರಶ್ನೆಯೂ ಹೌದು. ಗ್ರಾಹಕರೆಲ್ಲರೂ ಒಂದು ವ್ಯಾಯಾಮವನ್ನು ಒಂದೇ ಹೆಸರಿನಿಂದ ಕರೆಯುತ್ತಿರುವಾಗ, ಆ ಹೆಸರನ್ನು ಬಳಸಿದ್ದಕ್ಕೆ ಸಣ್ಣ ಊರಿನ ಒಬ್ಬ ಜಿಮ್ ಮಾಲೀಕರಿಗೆ ವಕೀಲರ ನೋಟೀಸು ಬರುವಂತಾಗುವುದು ನ್ಯಾಯವೇ?

ವ್ಯಾಯಾಮದ ಜಗತ್ತಿನಲ್ಲಿ ಇದಕ್ಕೆ ಹಿಂದೆಯೇ ಒಂದು ಉತ್ತರ ಸಿಕ್ಕಿದೆ. 1967ರಲ್ಲಿ ತೀರಿಕೊಂಡ ಜೋಸೆಫ್ ಪಿಲಾಟೆಸ್ ಅವರ ವ್ಯಾಯಾಮ ಪದ್ಧತಿಯ ಹೆಸರನ್ನು ಮುಂದೆ ಒಂದು ಸಂಸ್ಥೆ ತನ್ನ ಟ್ರೇಡ್‌ಮಾರ್ಕ್ ಎಂದು ಸಾಧಿಸಹೊರಟಾಗ, 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅದು ಒಂದು ವ್ಯಾಯಾಮ ಪದ್ಧತಿಯ ಸಾಮಾನ್ಯ ಹೆಸರೆಂದು ಹೇಳಿ ನೋಂದಣಿಯನ್ನು ತೆಗೆದುಹಾಕಿತು. ಕಲಿಸಿದವರು, ಅವರಿಂದ ಕಲಿತವರು, ಅವರ ಶಿಷ್ಯರು ಹೀಗೆ ದಶಕಗಳ ಕಾಲ ಬಳಸಿಕೊಂಡು ಬಂದ ಹೆಸರನ್ನು ಒಬ್ಬರ ಬೀರುವಿನಲ್ಲಿಟ್ಟು ಬೀಗ ಹಾಕಲಾಗದು ಎಂಬ ಆ ತೀರ್ಮಾನ ನನಗೆ ಪೂರ್ತಿ ಒಪ್ಪಿಗೆ. ನಮ್ಮ ಮೈಸೂರಿನ ಹೆಸರನ್ನೇ ನೋಡಿ. ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರ ಶಿಷ್ಯಪರಂಪರೆ ಹರಡಿದ ಊರುಗಳಲ್ಲೆಲ್ಲ, ವಿದ್ಯಾರ್ಥಿಗಳು ತಮ್ಮ ತಮ್ಮ ವೇಗದಲ್ಲಿ ಆಸನಗಳನ್ನು ಮಾಡುತ್ತಿರುವಾಗ ಗುರು ಒಬ್ಬೊಬ್ಬರನ್ನೇ ತಿದ್ದುವ ತರಗತಿಗೆ ‘ಮೈಸೂರು ಸ್ಟೈಲ್’ ಎನ್ನುತ್ತಾರೆ. ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಆ ಎರಡು ಪದ ಕಂಡವರಿಗೆ ಒಳಗೆ ಏನು ನಡೆಯುತ್ತದೆಂಬುದು ತಕ್ಷಣ ತಿಳಿಯುತ್ತದೆ. ಒಳ್ಳೆಯ ಸಾಮಾನ್ಯ ಹೆಸರಿನಿಂದ ಆಗಬೇಕಾದ ಕೆಲಸ ಅದೇ.

ಇದಕ್ಕೆ ಪ್ರತಿಯಾಗಿ ಜುಂಬಾ ಇದೆ. ಆ ಹೆಸರಿನಲ್ಲಿ ಕಲಿಸಬೇಕಾದರೆ ಕಂಪನಿಯ ತರಬೇತಿ ಪಡೆದು ಪರವಾನಗಿ ಹೊಂದಿರಬೇಕು. ಆದರೂ ನಮ್ಮ ಊರುಗಳಲ್ಲಿ ಹಾಡು ಹಾಕಿ ಮಾಡಿಸುವ ಕುಣಿತದ ವ್ಯಾಯಾಮವೆಲ್ಲ ಜುಂಬಾ ಎಂದೇ ಮಾರಾಟವಾಗುತ್ತದೆ. ಪರವಾನಗಿಗೆ ಹಣ ಕಟ್ಟಿ, ಅದನ್ನು ತಪ್ಪದೆ ನವೀಕರಿಸಿಕೊಳ್ಳುವ ತರಬೇತುದಾರರಿಗೆ ಇದರಿಂದ ಆಗುತ್ತಿರುವ ಅನ್ಯಾಯ ನಮ್ಮ ಕಣ್ಣ ಮುಂದಿದೆ.

ಹಾಗಾದರೆ ‘ಸ್ಪಿನ್ನಿಂಗ್’ ವಿಚಾರದಲ್ಲಿ ನಾನು ಯಾರ ಪರ ಎಂದು ನೀವು ಕೇಳಬಹುದು. ಪದ ಬದುಕಿದೆಯೋ ಸತ್ತಿದೆಯೋ ಎಂಬುದನ್ನು ನ್ಯಾಯಾಲಯಗಳು ದೇಶದೇಶಕ್ಕೆ ತೀರ್ಮಾನಿಸಲಿ. ನಾವು ಆ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ. ನಮಗೆ ಬೇಕಾದ ಸಾಮಾನ್ಯ ಹೆಸರು ಈಗಾಗಲೇ ಇದೆ, ಅದು ಯಾರ ಹಕ್ಕನ್ನೂ ಮುಟ್ಟುವುದಿಲ್ಲ, ಮತ್ತು ಅದು ಹೊಸಬರಿಗೂ ಅರ್ಥವಾಗುತ್ತದೆ. ‘ಇಂಡೋರ್ ಸೈಕ್ಲಿಂಗ್’ ಎಂದರೆ ಒಳಗೆ ಕೂತು ಸೈಕಲ್ ತುಳಿಯುವುದು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲೇ ಬೇಕೆನ್ನುವವರು ‘ಒಳಾಂಗಣ ಸೈಕ್ಲಿಂಗ್’ ಎಂದು ಬರೆಯಬಹುದು. ‘ಸ್ಪಿನ್ನಿಂಗ್’ ಎಂಬ ಪದಕ್ಕೆ ಈ ಗುಣವಿಲ್ಲ. ಮೊದಲ ಸಲ ಕೇಳಿದವರಿಗೆ ಅದು ಸೈಕಲ್ಲೋ ಕುಣಿತವೋ ಎಂಬುದು ಗೊತ್ತಾಗುವುದಿಲ್ಲ, ಮತ್ತು ಕೇಳಿ ಕೇಳಿ ರೂಢಿಯಾದವರಿಗೂ ಅದು ಯಾವ ಸೈಕಲ್, ಯಾವ ಮಟ್ಟದ ಶ್ರಮ, ಕಲಿಸುವವರು ಏನು ಕಲಿತವರು ಎಂಬುದನ್ನು ಹೇಳುವುದಿಲ್ಲ.

ನನ್ನ ಮುಖ್ಯ ಕಳಕಳಿ ಇರುವುದು ಇಲ್ಲಿ. ಹೆಸರಿನ ವ್ಯಾಜ್ಯದಲ್ಲಿ ಒಂದು ಕಂಪನಿ ಗೆದ್ದರೂ ಇನ್ನೊಂದು ಗೆದ್ದರೂ, ಮೊದಲ ದಿನ ಬಂದು ಸೀಟಿನ ಮೇಲೆ ಕೂರುವ ನಲವತ್ತೈದು ವರ್ಷದ ಒಬ್ಬ ಬ್ಯಾಂಕ್ ನೌಕರರಿಗೆ ಅದರಿಂದ ಏನೂ ತಿಳಿದಂತಾಗುವುದಿಲ್ಲ. ಅವರಿಗೆ ತಿಳಿಯಬೇಕಾದ ಮೊದಲ ಸಂಗತಿ ಸೈಕಲ್ಲಿನದು. ಹಳೆಯ ಮಾದರಿಯ ಇಂಡೋರ್ ಸೈಕಲ್‌ಗಳಲ್ಲಿ ಮುಂದಿನ ಭಾರವಾದ ಗಾಲಿಗೂ ಪೆಡಲಿಗೂ ನೇರ ಸಂಬಂಧವಿರುತ್ತದೆ. ರಸ್ತೆಯ ಸೈಕಲ್ಲಿನಲ್ಲಿ ಕಾಲು ನಿಲ್ಲಿಸಿದರೆ ಪೆಡಲ್ ನಿಲ್ಲುತ್ತದೆ, ಗಾಲಿ ಮಾತ್ರ ಉರುಳುತ್ತದೆ. ಇಲ್ಲಿ ಗಾಲಿ ತಿರುಗುವವರೆಗೂ ಪೆಡಲ್ ಕಾಲನ್ನು ಎಳೆದುಕೊಂಡೇ ತಿರುಗುತ್ತದೆ. ವೇಗವಾಗಿ ತುಳಿಯುತ್ತಿರುವಾಗ ಗಾಬರಿಯಿಂದ ಕಾಲು ನಿಲ್ಲಿಸಲು ಹೋದವರ ಮೊಣಕಾಲಿಗೆ ಪೆಟ್ಟಾಗಬಹುದು, ಪೆಡಲಿನಿಂದ ಜಾರಿದ ಪಾದಕ್ಕೆ ತಿರುಗುತ್ತಿರುವ ಪೆಡಲೇ ಬಡಿಯಬಹುದು. ನಿಲ್ಲಿಸುವ ದಾರಿ ಬಿಗಿತದ ನಾಬನ್ನು ಒತ್ತುವುದು. ಇದನ್ನು ತುಳಿಯಲು ಆರಂಭಿಸುವ ಮೊದಲೇ ಹೇಳಿಕೊಡಬೇಕು. ಕೆಲವು ಹೊಸ ಮಾದರಿಗಳಲ್ಲಿ ಪೆಡಲ್ ನಿಂತರೂ ಗಾಲಿ ತಾನೇ ತಿರುಗುವ ವ್ಯವಸ್ಥೆಯಿದೆ. ಎರಡನ್ನೂ ‘ಸ್ಪಿನ್ ಬೈಕ್’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಾಗ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮನೆಗೆಂದು ಕೊಳ್ಳುವವರಿಗೂ ಇದು ಮುಖ್ಯ, ಏಕೆಂದರೆ ತಿರುಗುವ ಗಾಲಿಯ ಬಳಿಗೆ ಚಿಕ್ಕ ಮಕ್ಕಳ ಕೈ ಹೋಗುವುದು ಮನೆಯಲ್ಲೇ.

ಎರಡನೆಯ ಸಂಗತಿ ಶ್ರಮದ್ದು. 2017ರಲ್ಲಿ ಅಮೆರಿಕದ ವೈದ್ಯರು ತಮ್ಮ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸ್ಪಿನ್ ತರಗತಿಯ ನಂತರ ರಾಬ್ಡೊಮಯೊಲಿಸಿಸ್ ಆಗಿ ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ವರದಿ ಮಾಡಿದರು. ಅಭ್ಯಾಸವಿಲ್ಲದ ಸ್ನಾಯುಗಳ ಮೇಲೆ ಒಮ್ಮೆಲೇ ವಿಪರೀತ ಒತ್ತಡ ಬಿದ್ದಾಗ ಸ್ನಾಯುಕೋಶಗಳು ಒಡೆದು, ಅವುಗಳೊಳಗಿನ ವಸ್ತುಗಳು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡುವ ಸ್ಥಿತಿ ಅದು. ತೊಡೆಗಳಲ್ಲಿ ತಡೆಯಲಾಗದ ನೋವು, ಊತ, ಗಾಢ ಬಣ್ಣದ ಮೂತ್ರ ಅದರ ಲಕ್ಷಣಗಳು. ಇದು ಅಪರೂಪದ ತೊಂದರೆ, ಯಾರನ್ನೂ ಹೆದರಿಸಲು ಹೇಳುತ್ತಿಲ್ಲ. ಆದರೆ ಈ ವ್ಯಾಯಾಮದಲ್ಲಿ ದೇಹದ ಅತಿ ದೊಡ್ಡ ಸ್ನಾಯುಗಳೇ ಬಿಡುವಿಲ್ಲದೆ ದುಡಿಯುತ್ತವೆ, ಪಕ್ಕದವರು ತುಳಿಯುತ್ತಿರುವಾಗ ತಾನೊಬ್ಬ ನಿಲ್ಲಿಸುವುದು ಹೊಸಬರಿಗೆ ಸಂಕೋಚ, ಮತ್ತು ಹಾಡು ಜೋರಾಗಿರುವಾಗ ದೇಹದ ಮಾತು ಕೇಳಿಸುವುದಿಲ್ಲ. ಆದ್ದರಿಂದಲೇ ಮೊದಲ ತರಗತಿ ಮೊಟಕಾಗಿರಬೇಕು, ಬಿಗಿತ ಕಡಿಮೆಯಿರಬೇಕು, ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ತರಬೇತುದಾರರೇ ಬಾಯಿಬಿಟ್ಟು ಹೇಳಬೇಕು. ‘ಇನ್ಸೇನ್’, ‘ಕಿಲ್ಲರ್’, ‘ಬೀಸ್ಟ್’ ಎಂದು ಹೆಸರಿಟ್ಟ ತರಗತಿಗೆ ಹೊಸಬರನ್ನು ‘ಉಚಿತ ಪ್ರಯೋಗ’ಕ್ಕೆ ಕರೆಯುವುದು ಇದಕ್ಕೆ ನೇರ ವಿರುದ್ಧವಾದ ನಡೆ.

ಜಾಹೀರಾತಿನ ಕ್ಯಾಲರಿ ಲೆಕ್ಕವೂ ಬ್ರ್ಯಾಂಡಿನ ಭಾಗವೇ ಆಗಿಬಿಟ್ಟಿರುವುದರಿಂದ ಅದರ ಬಗ್ಗೆಯೂ ಬರೆಯುತ್ತೇನೆ. ‘45 ನಿಮಿಷದಲ್ಲಿ 800 ಕ್ಯಾಲರಿ ಕರಗಿಸಿ’ ಎಂಬಂಥ ಮಾತು ನಮ್ಮ ಕ್ಷೇತ್ರದಲ್ಲಿ ಸಲೀಸಾಗಿ ಬರುತ್ತದೆ. ಸೈಕಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗ ಮಾತ್ರ ಪೆಡಲಿಗೆ ಸೇರುತ್ತದೆ; ಉಳಿದದ್ದು ಶಾಖವಾಗಿ ಹೋಗುತ್ತದೆ. ಈ ಲೆಕ್ಕದಂತೆ 45 ನಿಮಿಷದಲ್ಲಿ 800 ಕ್ಯಾಲರಿ ಖರ್ಚಾಗಬೇಕಾದರೆ ಅಷ್ಟೂ ಹೊತ್ತು ಸುಮಾರು 300 ವ್ಯಾಟ್ ಬಲದಿಂದ ತುಳಿಯಬೇಕು. ಅದು ಚೆನ್ನಾಗಿ ತರಬೇತಾದ ಸ್ಪರ್ಧಾಳುವಿನ ಕೆಲಸ. 100 ವ್ಯಾಟ್‌ನಲ್ಲಿ ಅಷ್ಟೇ ಹೊತ್ತು ತುಳಿಯುವ ಹೊಸಬರು ಖರ್ಚು ಮಾಡುವುದು 270ರಿಂದ 300ರ ಆಸುಪಾಸು. ಅದು ಕಡಿಮೆಯೇನಲ್ಲ, ಹೃದಯಕ್ಕೂ ಉಸಿರಿಗೂ ಒಳ್ಳೆಯದನ್ನೇ ಮಾಡುತ್ತದೆ. ಅದನ್ನೇ ಬರೆಯಲು ನಾವು ನಾಚಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ, ಮತ್ತು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದಕ್ಕಾಗಿ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ತರಬೇತುದಾರ ಮಿತ್ರರಿಗೆ ಒಂದು ಮಾತು. ‘ಸರ್ಟಿಫೈಡ್ ಸ್ಪಿನ್ ಇನ್‌ಸ್ಟ್ರಕ್ಟರ್’ ಎಂದು ಬರೆದುಕೊಳ್ಳುವವರು ಯಾರು ಕೊಟ್ಟ ಪ್ರಮಾಣಪತ್ರ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು. ಮ್ಯಾಡ್ ಡಾಗ್‌ನ ಸ್ಪಿನ್ನಿಂಗ್ ಕಾರ್ಯಕ್ರಮ ಒಂದು, ಶ್ವಿನ್‌ನ ಇಂಡೋರ್ ಸೈಕ್ಲಿಂಗ್ ತರಬೇತಿ ಇನ್ನೊಂದು, ನ್ಯೂಜಿಲೆಂಡಿನ ಲೆಸ್ ಮಿಲ್ಸ್ ಸಂಸ್ಥೆಯ ‘ಆರ್‌ಪಿಎಂ’ ಮತ್ತೊಂದು. ‘ಆರ್‌ಪಿಎಂ’ನಲ್ಲಿ ಹಾಡುಗಳೂ ಚಲನೆಗಳೂ ಮೊದಲೇ ಹೆಣೆದು ಬಂದಿರುತ್ತವೆ, ಸ್ಪಿನ್ನಿಂಗ್‌ನಲ್ಲಿ ತರಬೇತುದಾರರೇ ತಮ್ಮ ಸವಾರಿಯನ್ನು ರೂಪಿಸುತ್ತಾರೆ. ಇವುಗಳಲ್ಲಿ ಮೇಲುಕೀಳಿನ ಮಾತಿಲ್ಲ, ಆದರೆ ಇವು ಒಂದೇ ಅಲ್ಲ. ಒಂದನ್ನು ಕಲಿತು ಇನ್ನೊಂದರ ಹೆಸರಿನಲ್ಲಿ ಕಲಿಸಿದರೆ ಎರಡನ್ನೂ ಪ್ರಾಮಾಣಿಕವಾಗಿ ಕಲಿತವರ ಶ್ರಮ ಕಾಣದಂತಾಗುತ್ತದೆ. ಯಾವ ಸಂಸ್ಥೆಯ ಪ್ರಮಾಣಪತ್ರವೂ ಇಲ್ಲದೆ, ವರ್ಷಗಟ್ಟಲೆ ರಸ್ತೆಯಲ್ಲಿ ಸೈಕಲ್ ತುಳಿದು, ದೇಹಶಾಸ್ತ್ರ ಓದಿಕೊಂಡು ಚೆನ್ನಾಗಿ ಕಲಿಸುವವರೂ ನಮ್ಮಲ್ಲಿದ್ದಾರೆ. ಅವರು ಅದನ್ನೇ ಬರೆದುಕೊಳ್ಳಲಿ; ಓದಿದವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ.

ತಮ್ಮ ತರಗತಿಗೆ ಸ್ವಂತ ಹೆಸರನ್ನು ಕಟ್ಟಿಕೊಳ್ಳುವ ಮಾಲೀಕರನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಸೋಲ್‌ಸೈಕಲ್ ಆಗಲಿ ಫ್ಲೈವೀಲ್ ಆಗಲಿ ತಮ್ಮ ಗುರುತನ್ನು ಹಾಗೆಯೇ ಸಂಪಾದಿಸಿದವು. ಆದರೆ ಸ್ವಂತ ಹೆಸರಿನ ಪಕ್ಕದಲ್ಲಿ ‘ಇಂಡೋರ್ ಸೈಕ್ಲಿಂಗ್’ ಎಂಬ ಸಾಮಾನ್ಯ ಹೆಸರೂ ಇರಲಿ, ಇಲ್ಲವಾದರೆ ನಿಮ್ಮ ಹೆಸರು ಏನನ್ನು ಸೂಚಿಸುತ್ತದೆಂಬುದು ಹೊರಗಿನವರಿಗೆ ತಿಳಿಯದು, ಮತ್ತು ಅದು ಜನಪ್ರಿಯವಾದ ದಿನ ‘ಸ್ಪಿನ್ನಿಂಗ್’ಗೆ ಬಂದ ಗತಿಯೇ ಅದಕ್ಕೂ ಬರಬಹುದು. ನೋಂದಣಿ ಮಾಡಿಸದೆ ಹೆಸರಿನ ಪಕ್ಕದಲ್ಲಿ ವೃತ್ತದೊಳಗಿನ ‘ಆರ್’ ಗುರುತನ್ನು ಹಾಕುವ ಅಭ್ಯಾಸವನ್ನೂ ಬಿಡಬೇಕು. ನೋಂದಣಿಯಾಗದ ಮುದ್ರೆಯನ್ನು ನೋಂದಣಿಯಾಗಿದೆ ಎಂದು ತೋರಿಸುವುದು ಟ್ರೇಡ್‌ಮಾರ್ಕ್ ಕಾಯ್ದೆಯ 107ನೆಯ ಕಲಮಿನಡಿ ಹಣದ ದಂಡಕ್ಕೆ ಗುರಿಮಾಡಬಹುದಾದ ತಪ್ಪು.

ಕರ್ನಾಟಕದ ಅರ್ಜಿಗಳನ್ನು ನೋಡುವ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಚೆನ್ನೈ ಕಚೇರಿಯ ಪರಿಶೀಲಕರಿಗೂ ಈ ಪತ್ರದ ಮೂಲಕ ಒಂದು ವಿನಂತಿಯಿದೆ. ಕಾಯ್ದೆಯ 9ನೆಯ ಕಲಮು ಸೇವೆಯ ಬಗೆಯನ್ನಷ್ಟೇ ಹೇಳುವ ಪದಗಳನ್ನೂ ವ್ಯಾಪಾರದಲ್ಲಿ ಆಗಲೇ ರೂಢಿಯಾಗಿರುವ ಪದಗಳನ್ನೂ ಒಬ್ಬರ ಮುದ್ರೆಯಾಗಿ ನೋಂದಾಯಿಸದಂತೆ ಹೇಳುತ್ತದೆ. ವ್ಯಾಯಾಮ ಉಪಕರಣಗಳ 28ನೆಯ ವರ್ಗದಲ್ಲಿ, ತರಬೇತಿಯ 41ನೆಯ ವರ್ಗದಲ್ಲಿ ಕನ್ನಡ ಪದಗಳಿರುವ ಅರ್ಜಿಗಳು ಬಂದಾಗ, ಲಿಪ್ಯಂತರವನ್ನು ಓದಿ ಹೊಸ ಪದವೆಂದು ಭಾವಿಸದೆ, ಅರ್ಜಿದಾರರು ಕೊಡಬೇಕಾದ ಅನುವಾದವನ್ನು ಕನ್ನಡ ಬಲ್ಲವರಿಂದ ಓದಿಸಿ ನೋಡಿ. ‘ಸವಾರಿ’, ‘ಗಾಲಿ’, ‘ಒಳಾಂಗಣ ಸೈಕ್ಲಿಂಗ್’ ಇಂಥ ಪದಗಳು ಒಂದು ದೊಡ್ಡ ಮುದ್ರೆಯ ಭಾಗವಾಗಿ ಬರಬಹುದು. ಆ ಪದಗಳ ಮೇಲೆಯೇ ಒಬ್ಬರಿಗೆ ಏಕಸ್ವಾಮ್ಯ ಸಿಗಬಾರದು. ಜಿಮ್ ಮಾಲೀಕರಾದ ನೀವೂ ಟ್ರೇಡ್‌ಮಾರ್ಕ್ ಜರ್ನಲ್ಲಿನ ಮೇಲೆ ಕಣ್ಣಿಟ್ಟಿರಬೇಕು. ಅದರಲ್ಲಿ ಅರ್ಜಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು.

ಇನ್ನು ನಾಳೆಯಿಂದಲೇ ಮಾಡಬಹುದಾದ ಕೆಲಸ. ನಿಮ್ಮ ವೇಳಾಪಟ್ಟಿಯ ಆ ಒಂದು ಸಾಲನ್ನು ಬದಲಿಸಿ. ಉದಾಹರಣೆಗೆ ಹೀಗೆ ಬರೆಯಬಹುದು: ‘ಇಂಡೋರ್ ಸೈಕ್ಲಿಂಗ್, 40 ನಿಮಿಷ, ಹೊಸಬರಿಗೆ. ಗಾಲಿ ತಿರುಗುವವರೆಗೂ ಪೆಡಲ್ ತಿರುಗುವ ಸೈಕಲ್. ನಿಲ್ಲಿಸುವ ಕ್ರಮವನ್ನು ಮೊದಲು ಕಲಿಸಲಾಗುವುದು. ಮೊದಲ ಸಲ ಬರುವವರು 20 ನಿಮಿಷಕ್ಕೆ ಮುಗಿಸಬಹುದು.’ ಅದರ ಕೆಳಗೆ ತರಬೇತುದಾರರ ಹೆಸರು, ಅವರು ಪಡೆದ ತರಬೇತಿ, ಆ ತರಬೇತಿ ಕೊಟ್ಟ ಸಂಸ್ಥೆ. ಸ್ಪಿನ್ನಿಂಗ್ ಕಾರ್ಯಕ್ರಮದ ಅಧಿಕೃತ ತರಬೇತಿ ಪಡೆದು ಅದರಂತೆಯೇ ನಡೆಸುವ ಕೇಂದ್ರಗಳು ಆ ಹೆಸರನ್ನು ಹೆಮ್ಮೆಯಿಂದ ಹಾಕಿಕೊಳ್ಳಲಿ, ಆದರೆ ಅವೂ ಈ ವಿವರಗಳನ್ನು ಬರೆಯಲಿ. ಅಚ್ಚಾದ ಬೋರ್ಡನ್ನು ಕೂಡಲೇ ಬದಲಿಸಲು ಹಣವಿಲ್ಲದ ಸಣ್ಣ ಕೇಂದ್ರಗಳು ಮೊದಲು ವಾಟ್ಸಾಪ್ ಸಂದೇಶಗಳಲ್ಲಿ, ಸದಸ್ಯತ್ವದ ಅರ್ಜಿಯಲ್ಲಿ, ಕೋಣೆಯ ಬಾಗಿಲಿಗೆ ಅಂಟಿಸುವ ಹಾಳೆಯಲ್ಲಿ ಬದಲಿಸಿಕೊಳ್ಳಲಿ. ಬೋರ್ಡನ್ನು ಹೊಸದಾಗಿ ಬರೆಸುವಾಗ ಅದರಲ್ಲೂ ಸರಿಪಡಿಸಲಿ. ಇದನ್ನು ಒಪ್ಪುವ ಮಾಲೀಕರು ತಮ್ಮ ಊರಿನ ಇತರ ಜಿಮ್‌ಗಳವರೊಡನೆ ಕೂತು, ಒಂದೇ ಬಗೆಯ ವಿವರಗಳನ್ನು ಒಂದೇ ಕ್ರಮದಲ್ಲಿ ಕೊಡುವಂತೆ ಮಾತನಾಡಿಕೊಳ್ಳಬೇಕೆಂದು ಕೋರುತ್ತೇನೆ. ಎರಡು ಜಿಮ್‌ಗಳ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡುವ ಸದಸ್ಯರಿಗೆ, ತಮ್ಮ ವಯಸ್ಸಿಗೂ ಮೊಣಕಾಲಿಗೂ ಸಮಯಕ್ಕೂ ಯಾವುದು ಹೊಂದುತ್ತದೆಂಬುದು ಆಗ ಯಾರನ್ನೂ ಕೇಳದೆಯೇ ತಿಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇಂಡೋರ್ ಸೈಕ್ಲಿಂಗ್ ತರಬೇತುದಾರ
ಬೆಂಗಳೂರು